ಗೆರೆಯಕ್ಕ ನೋಡದೆ ಬಿಟ್ಟ ಹಾಳೆ

ಬೆಳಗಿನ ಆರೂಕಾಲು. ದಾಖಲೆ ಕಚೇರಿಯ ಎರಡನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಮೇಜುಗಳ ಮೇಲೆ ನಿನ್ನೆಯ ಕಡತಗಳು ಇದ್ದ ಹಾಗೇ ಇವೆ, ಯಾರದೋ ಲೋಟದ ತಳದಲ್ಲಿ ಚಹಾ ಒಣಗಿದೆ. ಮೂಲೆಯ ಜೆರಾಕ್ಸ್ ಮೆಷಿನ್ನಿನ ಮುಂದೆ ಹೆಂಗಸೊಬ್ಬರು ಮಂಡಿಯೂರಿ ಕೂತು, ಅದರ ಹೊಟ್ಟೆಯ ಬಾಗಿಲು ತೆಗೆದು ಒಳಗೆ ಇಣುಕುತ್ತಿದ್ದಾರೆ. ಹಲ್ಲಿನ ನಡುವೆ ಬೆರಳುದ್ದದ ಟಾರ್ಚ್, ಎಡಗೈಯಲ್ಲಿ ಎಳೆ ಬಿಡದ ಮೆತ್ತನೆ ಬಟ್ಟೆ, ಮಡಿಲಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಬಾಯಲ್ಲಿ ಟಾರ್ಚ್ ಇರುವುದರಿಂದ ಅವರು ಮಾತಾಡುವ ಹಾಗಿಲ್ಲ. ಮಾತಾಡಿದರೂ ಕೇಳುವುದಕ್ಕೆ ದಿನಾ ಈ ಹೊತ್ತಿನಲ್ಲಿ ಇಲ್ಲಿ ಯಾರೂ ಇರುವುದಿಲ್ಲ.

ಟಾರ್ಚ್ ತೆಗೆದ ಮೇಲೆ ಅವರು ಮೊದಲು ತೋರಿಸುವುದು ಮೆಷಿನ್ನಿನ ಕೆಳಬಾಗಿಲ ಮೇಲಿರುವ ಬೂಟಿನ ಗುರುತನ್ನು. "ನೋಡಿ, ನಿನ್ನೆ ಯಾರೋ ಒದ್ದಿದಾರೆ. ಒದ್ದರೆ ಸರಿಹೋಗೋ ಹಾಗಿದ್ದಿದ್ರೆ ನಾನ್ಯಾಕೆ ಬೇಕಿತ್ತು ಹೇಳಿ?" ಎಂದು ನಗುತ್ತಾರೆ. ಬಟ್ಟೆಯ ತುದಿಯಿಂದ ಆ ಗುರುತನ್ನೂ ಒರೆಸಿ ತೆಗೆಯುತ್ತಾರೆ. ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ.

ಕಚೇರಿಯೊಂದರಲ್ಲಿ ಅತಿ ಹೆಚ್ಚು ಬೈಗುಳ ತಿನ್ನುವುದು ಯಾರು ಎಂದು ಕೇಳಿದರೆ ಮೇಲಧಿಕಾರಿ ಎನ್ನುವವರು ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಅದು ಈ ಮೆಷಿನ್ನೇ. ಎರಡನೆಯ ಸ್ಥಾನ ಅದನ್ನು ರಿಪೇರಿ ಮಾಡುವವರಿಗೆ. ಇಪ್ಪತ್ತಾರು ವರ್ಷಗಳಿಂದ ಆ ಎರಡನೆಯ ಸ್ಥಾನದಲ್ಲಿರುವ ಈ ಹೆಂಗಸಿಗೆ ಜೆರಾಕ್ಸ್ ರಿಪೇರಿ ಕಂಪನಿಯವರು ಇಟ್ಟಿರುವ ಹೆಸರು ಗೆರೆಯಕ್ಕ. ನಕಲಿನ ಹಾಳೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಗೆರೆ ಬಂದರೂ ಅದು ಎಲ್ಲಿಂದ ಹೊರಟಿತು ಎಂದು ಇವರು ಪತ್ತೆ ಹಚ್ಚುತ್ತಾರೆ. ಬೇರೆ ಮೆಕ್ಯಾನಿಕ್‌ಗಳು ಕೈಚೆಲ್ಲಿದ ಮೆಷಿನ್ನುಗಳು ಕೊನೆಗೆ ಇವರ ಪಾಲಿಗೆ ಬರುತ್ತವೆ.

ಕಂಪನಿ ಇವರಿಗೆ ಬೆಳಗಿನ ಪಾಳಿ ಕೊಟ್ಟಿದೆ. ಜನ ಸಾಲುಗಟ್ಟುವ ಕಚೇರಿಗಳಲ್ಲಿ ಬಾಗಿಲು ತೆರೆಯುವ ಮೊದಲೇ ಮೆಷಿನ್ ಸಿದ್ಧವಾಗಿರಬೇಕು. ಹಾಗಾಗಿ ಇವರು ಐದೂಮುಕ್ಕಾಲಿಗೆ ಮನೆ ಬಿಡುತ್ತಾರೆ, ಕಾವಲುಗಾರರಿಂದ ಬೀಗದ ಕೈ ಇಸಿದುಕೊಳ್ಳುತ್ತಾರೆ, ಸಿಬ್ಬಂದಿ ಬರುವ ಹೊತ್ತಿಗೆ ಹೊರಟುಹೋಗಿರುತ್ತಾರೆ. ಹತ್ತು ಗಂಟೆಯ ಮೇಲೆ ಕಂಪನಿಯ ಹಿಂಭಾಗದ ಕೋಣೆಯಲ್ಲಿ ಕೂತು ಹಳೆಯ ಬಿಡಿಭಾಗಗಳನ್ನು ಬಿಚ್ಚಿ ತೊಳೆದು ಜೋಡಿಸುತ್ತಾರೆ. ಹದಿನಾಲ್ಕು ಮೆಷಿನ್ನು ಇವರ ಸುಪರ್ದಿಯಲ್ಲಿವೆ, ದಿನಕ್ಕೆ ನಾಲ್ಕನ್ನು ಮುಟ್ಟುತ್ತಾರೆ. ಅವುಗಳಲ್ಲಿ ಈ ದಾಖಲೆ ಕಚೇರಿಯದು ಎಲ್ಲಕ್ಕಿಂತ ಹೆಚ್ಚು ದುಡಿಯುವುದು, ಭಾನುವಾರ ಬಿಟ್ಟು ದಿನಾ ನೋಡಬೇಕಾದದ್ದು. ಅದರ ಮೀಟರು ಹನ್ನೊಂದು ಲಕ್ಷ ಪುಟ ದಾಟಿದೆ. ಅಷ್ಟು ಪುಟಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋದವರಲ್ಲಿ ಒಬ್ಬರ ಮುಖವನ್ನೂ ಗೆರೆಯಕ್ಕ ಕಂಡಿಲ್ಲ.

"ಮೆಷಿನ್ ನೋಡಿದ್ರೆ ಆ ಆಫೀಸಿನವರು ಹೇಗೆ ಅಂತ ಗೊತ್ತಾಗುತ್ತೆ. ಗಾಜಿನ ಮೇಲೆ ಪಿನ್ನು ಗೀಚಿದ್ರೆ ಆತುರದವರು. ಟ್ರೇ ತುಂಬಾ ಕಾಗದ ತುರುಕಿದ್ರೆ ಮತ್ತೆ ಮತ್ತೆ ಎದ್ದು ಬರೋಕೆ ಸೋಮಾರಿಗಳು. ಜನ ಮಾತ್ರ ಗೊತ್ತಿಲ್ಲ ನೋಡಿ," ಎನ್ನುತ್ತಾರೆ. ಹೇಳುವಾಗ ದನಿಯಲ್ಲಿ ದೂರಿಲ್ಲ. ಇಷ್ಟು ವರ್ಷದಲ್ಲಿ ದೂರುವುದೂ ಮರೆತುಹೋಗಿರಬೇಕು.

ಅವರ ಕೆಲಸಕ್ಕೆ ಒಂದು ಕ್ರಮವಿದೆ. ಅಚ್ಚು ಕೆಟ್ಟು ಬಂದರೆ ಉಳಿದವರು ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ, ಇವರು ಸ್ಕ್ರೂಡ್ರೈವರ್ ಮುಟ್ಟುವುದು ಕಟ್ಟಕಡೆಗೆ. ಮೊದಲು ಮೂಲ ಕಾಗದವನ್ನೇ ನೋಡಬೇಕು. ಮೂಲವೇ ಮಸುಕಾಗಿದ್ದರೆ ಮೆಷಿನ್ ಏನು ಮಾಡೀತು? ಆಮೇಲೆ ಟ್ರೇಯಲ್ಲಿರುವ ಖಾಲಿ ಕಾಗದ. ಅದು ತೇವ ಎಳೆದಿದ್ದರೆ ಅಚ್ಚು ಅಲ್ಲಲ್ಲಿ ಬಿಟ್ಟುಬಿಟ್ಟು ಬರುತ್ತದೆ, ಹೊಸ ಕಟ್ಟು ಒಡೆದು ಹಾಕಿದರೆ ಅಷ್ಟಕ್ಕೇ ರಿಪೇರಿ ಮುಗಿಯುತ್ತದೆ. ಅದೂ ಸರಿಯಿದ್ದರೆ ಮೆಷಿನ್ನಿನ ಒಳಗೇ ಇರುವ ಪರೀಕ್ಷಾ ಪುಟವನ್ನು ಒಂದು ತೆಗೆಯಬೇಕು. ನಕಲಿನಲ್ಲಿ ಗೆರೆಯಿದ್ದು ಪರೀಕ್ಷಾ ಪುಟದಲ್ಲಿ ಇಲ್ಲದಿದ್ದರೆ ತಪ್ಪು ಗಾಜಿನದು. ಎರಡರಲ್ಲೂ ಇದ್ದರೆ ಒಳಗೆ ತಿರುಗುತ್ತಾ ಅಚ್ಚು ಮೂಡಿಸುವ ಡ್ರಮ್ಮಿನದು.

"ಹತ್ತರಲ್ಲಿ ಆರು ಸಲ ಗಾಜೇ. ಅದೂ ದೊಡ್ಡ ಗಾಜಲ್ಲ, ಪಕ್ಕದಲ್ಲಿ ಬೆರಳಗಲ ಒಂದು ಪಟ್ಟಿ ಇರುತ್ತಲ್ಲ, ಅದು," ಎಂದು ತೋರಿಸುತ್ತಾರೆ. ಮೇಲಿನಿಂದ ಹಾಕಿದ ಕಾಗದವನ್ನು ಮೆಷಿನ್ ತಾನಾಗಿ ಎಳೆದುಕೊಳ್ಳುವಾಗ ಅದು ಈ ಪಟ್ಟಿಯ ಮೇಲೆ ಹಾಯುತ್ತದೆ. ಅಲ್ಲಿ ಸಾಸಿವೆಯ ಕಾಲುಭಾಗದಷ್ಟು ಅಂಟು ಕೂತರೆ ಸಾಕು, ಪುಟದ ಮೇಲಿಂದ ಕೆಳಗಿನ ತನಕ ಕಪ್ಪು ಗೆರೆ. ಜನ ದೊಡ್ಡ ಗಾಜನ್ನು ಫಳಫಳ ಒರೆಸಿ, ಗೆರೆ ಹೋಗಲಿಲ್ಲವೆಂದು ಮೆಷಿನ್ನಿಗೆ ಒದೆಯುತ್ತಾರೆ.

ಗೆರೆಯ ಬದಲು ಚುಕ್ಕೆ ಬಂದರೆ ಸ್ಕೇಲು ಬೇಕು. ಒಂದೇ ಚುಕ್ಕೆ ಪುಟದುದ್ದಕ್ಕೂ ಸಮ ಅಂತರದಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದರೆ ಒಳಗೆ ತಿರುಗುವ ಯಾವುದೋ ಉರುಳೆಗೆ ಗಾಯವಾಗಿದೆ ಎಂದರ್ಥ. ಅಂತರ ಅಳೆದರೆ ಯಾವ ಉರುಳೆ ಎಂದು ತಿಳಿಯುತ್ತದೆ. ಕೊನೆಗೆ ಹೆಬ್ಬೆರಳಿನ ಪರೀಕ್ಷೆ. ಬಿಸಿ ಬಿಸಿ ಹಾಳೆಯ ಮೇಲೆ ಹೆಬ್ಬೆರಳು ಎಳೆದಾಗ ಅಕ್ಷರ ಬೆರಳಿಗೆ ಬಂದರೆ, ಟೋನರ್ ಪುಡಿಯನ್ನು ಕಾಗದಕ್ಕೆ ಕಾಯಿಸಿ ಕೂರಿಸುವ ಭಾಗಕ್ಕೆ ಶಾಖ ಸಾಲುತ್ತಿಲ್ಲ.

ಈ ವಿದ್ಯೆಯನ್ನು ಗೆರೆಯಕ್ಕನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವರು ಕಂಪನಿಗೆ ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ದಿನಕ್ಕೆ ಎಪ್ಪತ್ತು ಎಂಬತ್ತು ಕರೆ, ಎಲ್ಲವೂ ಸಿಟ್ಟಿನವು. ದೂರು ಬರೆದುಕೊಂಡು ಮೆಕ್ಯಾನಿಕ್‌ಗೆ ದಾಟಿಸಿದರೆ ಇವರ ಕೆಲಸ ಮುಗಿಯುತ್ತಿತ್ತು. ಆದರೆ ಹುಡುಗಿಗೆ ಸುಮ್ಮನಿರಲಾಗಲಿಲ್ಲ. "ಗೆರೆ ಉದ್ದಕ್ಕೋ ಅಡ್ಡಕ್ಕೋ? ಕೈಯಲ್ಲಿ ಒಂದು ಕಾಗದ ಗಾಜಿನ ಮೇಲಿಟ್ಟು ತೆಗೆದ್ರೆ ಬರುತ್ತಾ, ಇಲ್ಲ ಮೇಲಿಂದ ಹಾಕಿದ್ರೆ ಮಾತ್ರ ಬರುತ್ತಾ?" ಎಂದು ಕೇಳತೊಡಗಿದರು. ಅರ್ಧಕ್ಕರ್ಧ ದೂರುಗಳು ಫೋನಿನಲ್ಲೇ ತೀರಿದವು. ಬೈಯಲೆಂದು ಫೋನ್ ಮಾಡಿದವರು ಥ್ಯಾಂಕ್ಸ್ ಹೇಳಿ ಇಡುತ್ತಿದ್ದರು. ಆರು ತಿಂಗಳು ಇದನ್ನು ನೋಡಿದ ಆಗಿನ ಮೇಲ್ವಿಚಾರಕರು ಒಂದು ಉಪಕರಣದ ಚೀಲ ತಂದು ಮೇಜಿನ ಮೇಲಿಟ್ಟು, "ನಾಳೆಯಿಂದ ನೀವೇ ಹೋಗಿ," ಎಂದರು.

"ಖುಷಿಯೇ ಆಯ್ತು. ಆದ್ರೆ ಒಂದು ಯೋಚನೆ ಮಾಡಿರ್ಲಿಲ್ಲ. ಫೋನಲ್ಲಿ ಕೂತಿದ್ದಾಗ ದಿನಾ ಎಂಬತ್ತು ಜನದ ದನಿ ಕೇಳ್ತಿದ್ದೆ. ಮೆಕ್ಯಾನಿಕ್ ಆದ್ಮೇಲೆ ಎಲ್ಲಾ ನಿಶ್ಶಬ್ದ."

ಮನೆಯಲ್ಲಿ ಮಾತ್ರ ಅಮ್ಮ ಇದ್ದರು. ಗೆರೆಯಕ್ಕ ಮದುವೆಯಾಗಲಿಲ್ಲ. ಅಮ್ಮನ ಮೊಣಕಾಲು ಸೋತ ವರ್ಷವೇ ಆ ಮಾತು ಮನೆಯಲ್ಲಿ ನಿಂತುಹೋಯಿತು, ಅದನ್ನು ನಿಲ್ಲಿಸಿದವರು ಯಾರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಗೊಂದಲದ ಹಾಳೆಗಳನ್ನು ಗೆರೆಯಕ್ಕ ಮನೆಗೆ ತರುತ್ತಿದ್ದರು, ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲೊಂದು ಇರುವೆ ಸಾಲು ಹೋಗಿದೆ ನೋಡೇ," ಎನ್ನುತ್ತಿದ್ದರು. ಅಮ್ಮನ ಬೆರಳು ಇಟ್ಟ ಜಾಗದಲ್ಲಿ ಗೆರೆ ಇದ್ದೇ ಇರುತ್ತಿತ್ತು. ಆ ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಮೂರನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ, ಒಂದು ರೇಡಿಯೋ ಈಗ ಉಳಿದಿವೆ. ಅಣ್ಣ ಇದ್ದಾರೆ, ರೈಲಿನಲ್ಲಿ ಒಂದು ದಿನದ ದಾರಿ. ಅತ್ತಿಗೆಗೆ ಹಾಸಿಗೆ ಬಿಟ್ಟು ಏಳಲಾಗದ ಕಾಯಿಲೆ.

ಹಾಗಾದರೆ ಮಾತಿಗೆ ಯಾರೂ ಇಲ್ಲವೇ ಎಂದರೆ ಗೆರೆಯಕ್ಕ ಕೈ ಒರೆಸಿಕೊಂಡು ಏಳುತ್ತಾರೆ. ದಾಖಲೆ ಕಚೇರಿಯ ಮೆಷಿನ್ನಿನ ಪಕ್ಕದ ಮೊಳೆಗೆ ದಾರದಲ್ಲಿ ನೇತುಹಾಕಿರುವ ಪುಸ್ತಕವೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

ಅದು ದೂರು ಪುಸ್ತಕ. ಪ್ರತಿ ಮೆಷಿನ್ನಿಗೂ ಒಂದಿರುತ್ತದೆ. ಎಡಗಡೆ ಕಚೇರಿಯವರು ದೋಷ ಬರೆಯುತ್ತಾರೆ, ಬಲಗಡೆ ಮೆಕ್ಯಾನಿಕ್ ಪರಿಹಾರ ಬರೆಯಬೇಕು. ಈ ಕಚೇರಿಯಲ್ಲಿ ಎಡಗಡೆ ಬರೆಯುವವರು ದಾಖಲೆ ವಿಭಾಗದ ಗುಮಾಸ್ತೆ. ಹನ್ನೊಂದು ವರ್ಷಗಳಿಂದ ಅದೇ ಕೈ, ಅದೇ ನೇರಳೆ ಶಾಯಿ. ಅವರು ಹತ್ತಕ್ಕೆ ಬರುತ್ತಾರೆ, ಇವರು ಎಂಟಕ್ಕೆ ಹೋಗಿರುತ್ತಾರೆ. ಒಬ್ಬರು ಇನ್ನೊಬ್ಬರನ್ನು ಒಮ್ಮೆಯೂ ನೋಡಿಲ್ಲ. ಬರೆಯುತ್ತಿರುವುದು ಹೆಂಗಸು ಎಂಬುದನ್ನು ಕೂಡ ಇಬ್ಬರಿಗೂ ತಿಳಿಸಿದ್ದು, ಸಂಜೆ ಆರಕ್ಕೆ ಬಂದು ಬೆಳಿಗ್ಗೆ ಎಂಟಕ್ಕೆ ಹೋಗುವ ಕಾವಲುಗಾರರು.

ಶುರುವಾದದ್ದು ಒಂದು ಚುಕ್ಕೆಯಿಂದ. ವಯಸ್ಸಾದವರೊಬ್ಬರು ತಮ್ಮ ಮನೆಯ ಪತ್ರದ ನಕಲು ತೆಗೆದುಕೊಂಡು ಹೋಗಿದ್ದರು. ಮೂಲದಲ್ಲಿ ನಾನೂರ ಹನ್ನೆರಡು ಚದರ ಅಡಿ, ನಕಲಿನಲ್ಲಿ ನಲವತ್ತೊಂದು ದಶಮಾಂಶ ಎರಡು. ಅಂಕಿಗಳ ನಡುವೆ ಎಲ್ಲಿಂದಲೋ ಬಂದು ಕೂತ ಒಂದು ಚುಕ್ಕೆ ಅವರ ಮನೆಯನ್ನು ಕೋಳಿಗೂಡು ಮಾಡಿಟ್ಟಿತ್ತು. ಇನ್ನೊಂದು ಕಚೇರಿಯವರು ಮೂರು ಸಲ ವಾಪಸು ಕಳಿಸಿದರು, ಮೂರು ಸಲವೂ ಹೊಸ ನಕಲು ತೆಗೆಸಿದರು, ಮೂರರಲ್ಲೂ ಚುಕ್ಕೆ ಅಲ್ಲೇ. ಗುಮಾಸ್ತೆ ಕನ್ನಡಕ ಏರಿಸಿ ಮೂಲವನ್ನು ನೋಡಿ, ದೂರು ಪುಸ್ತಕದಲ್ಲಿ ಬರೆದರು: "ಈ ಚುಕ್ಕೆ ಕಾಗದದ್ದಲ್ಲ, ನಿಮ್ಮ ಮೆಷಿನ್ನಿನದು."

ಮರುದಿನ ಬೆಳಿಗ್ಗೆ ಗೆರೆಯಕ್ಕ ಖಾಲಿ ಹಾಳೆ ತೆಗೆದು ಅಳೆದರು. ಒಂಬತ್ತೂವರೆ ಸೆಂಟಿಮೀಟರಿಗೊಂದು ಚುಕ್ಕೆ. ಡ್ರಮ್ಮಿನ ಸುತ್ತಳತೆ ಅಷ್ಟೇ. ಬದಲಿಸಿ, ಬಲಗಡೆ ಬರೆದರು: "ಚುಕ್ಕೆ ನಮ್ಮದೇ. ಡ್ರಮ್ ಬದಲಿಸಿದೆ. ಆ ಹಿರಿಯರಿಗೆ ಹೊಸ ನಕಲು ಕೊಟ್ಟು ಕ್ಷಮೆ ಕೇಳಿದೆನೆಂದು ತಿಳಿಸಿ." ಅದರ ಮರುದಿನ ಎಡಗಡೆ ಉತ್ತರವಿತ್ತು. "ಕೊಟ್ಟೆ. ತಿಳಿಸಿದೆ. ನಕ್ಕರು."

ಅಲ್ಲಿಂದ ಪುಸ್ತಕ ದಾರಿ ತಪ್ಪಿತು. "ಬಲಗಡೆ ಗೆರೆ. ನನಗೂ ಇವತ್ತು ತಲೆನೋವು," ಎಂದು ಒಂದು ದಿನ. "ಗೆರೆ ಹೋಯಿತು. ತಲೆನೋವು?" ಎಂದು ಇವರ ಉತ್ತರ. "ಅದೂ ಹೋಯಿತು," ಎಂದು ಮತ್ತೊಂದು. ಅಮ್ಮ ತೀರಿಕೊಂಡಾಗ ಒಂಬತ್ತು ದಿನ ಬೇರೆ ಮೆಕ್ಯಾನಿಕ್ ಬಂದಿದ್ದ. ಹತ್ತನೆಯ ದಿನ ಇವರು ಪುಸ್ತಕ ತೆಗೆದರೆ, "ಎಲ್ಲಿ ಹೋದಿರಿ? ಈ ಹೊಸಬರು ಬರೇ 'ಸರಿಪಡಿಸಿದೆ' ಎಂದು ಬರೆಯುತ್ತಾರೆ," ಎಂದಿತ್ತು. "ಅಮ್ಮ ಹೋದರು," ಎಂದಷ್ಟೇ ಬರೆದರು. ಮರುದಿನ ಎಡಗಡೆ ಖಾಲಿ. ಅದರ ಮರುದಿನ ಹೀಗಿತ್ತು: "ಏನು ಬರೆಯಬೇಕೋ ತಿಳಿಯಲಿಲ್ಲ. ನಿನ್ನೆ ಮೆಷಿನ್ನಿನ ಹತ್ತಿರವೇ ಹೋಗಲಿಲ್ಲ."

"ಅಮ್ಮ ಹೋದಾಗ ತುಂಬಾ ಜನ ಏನೇನೋ ಹೇಳಿದ್ರು. ನನಗೆ ನೆನಪಿರೋದು ಇದೊಂದೇ," ಎಂದು ಗೆರೆಯಕ್ಕ ಆ ಪುಟದ ಮೇಲೆ ಕೈಯಿಟ್ಟು ಹೇಳುತ್ತಾರೆ.

ಇದೇ ಪುಸ್ತಕದಲ್ಲಿ ಕಳೆದ ಎರಡು ತಿಂಗಳು ಜಗಳವೂ ನಡೆದಿದೆ. ಗೆರೆಯಕ್ಕನಿಗೆ ಒಂದು ದಿನ ಇಲ್ಲಿಯ ಅಚ್ಚು ಮಸುಕಾಗಿ ಕಂಡಿತು. ಟೋನರ್ ಡಬ್ಬಿ ಅಲುಗಿಸಿದರು. ಕಪ್ಪಿನ ಪ್ರಮಾಣ ಎರಡು ಮನೆ ಏರಿಸಿದರು. ಗುಮಾಸ್ತೆ ಬರೆದರು: "ಕಪ್ಪು ಜಾಸ್ತಿಯಾಗಿದೆ. ಅಕ್ಷರಗಳ ಹೊಟ್ಟೆಯೆಲ್ಲ ತುಂಬಿಕೊಂಡು 'ರ' ಯಾವುದು 'ಠ' ಯಾವುದು ತಿಳಿಯುತ್ತಿಲ್ಲ." ಇವರು ಬರೆದರು: "ಇಲ್ಲ, ಮಸುಕಾಗಿದೆ. ಡ್ರಮ್ ಮುಗಿದಿದೆ, ಹೊಸದು ತರಿಸುತ್ತೇನೆ." ಹೊಸದು ಬಂತು, ಏರಿಸಿದ ಎರಡು ಮನೆಯನ್ನು ಇಳಿಸಿದರು. ಮಸುಕು ಹಾಗೇ ಉಳಿಯಿತು. ಅಷ್ಟರಲ್ಲಿ ಬೇರೆ ಎರಡು ಕಚೇರಿಗಳಲ್ಲೂ ಅದೇ ಮಸುಕು ಕಾಣಿಸಿ, ಅಲ್ಲೂ ಡ್ರಮ್ ಬದಲಿಸಿದ್ದರು. ಈ ಸಲದ ಟೋನರ್ ಪುಡಿಯೇ ಕಳಪೆ ಎಂದು ಗೋದಾಮಿನವರ ಮೇಲೆ ಹರಿಹಾಯ್ದರು.

ಎಂಟನೆಯ ವಾರ ಗುಮಾಸ್ತೆ ಎಡಗಡೆ ಜಾಗ ಸಾಲದೆ ಬಲಗಡೆಗೂ ಬರೆದಿದ್ದರು. "ಮೆಷಿನ್ ಸರಿಯಿದೆ. ನಾಲ್ಕು ಜನಕ್ಕೆ ತೋರಿಸಿ ಕೇಳಿದೆ, ಎಲ್ಲರಿಗೂ ಕಪ್ಪಗೇ ಕಾಣುತ್ತಿದೆ. ಕೋಪ ಮಾಡಿಕೊಳ್ಳಬೇಡಿ. ಒಮ್ಮೆ ನಿಮ್ಮ ಕಣ್ಣು ತೋರಿಸಿಕೊಳ್ಳಿ."

ಕೋಪ ಬಂತು. ಇಪ್ಪತ್ತಾರು ವರ್ಷ ಕೂದಲೆಳೆ ಹಿಡಿದ ಕಣ್ಣು! ತೋರಿಸಿಕೊಡುತ್ತೇನೆ ಎಂದು ಗೆರೆಯಕ್ಕ ಚೀಲದ ತಳದಿಂದ ಪ್ಲಾಸ್ಟಿಕ್ ಹೊದಿಕೆಯ ಹಾಳೆಯೊಂದನ್ನು ಎಳೆದರು. ಅದು ಮೂಲ ಮಾದರಿ. ಅಚ್ಚು ಹೇಗಿರಬೇಕು ಎಂದು ಕಂಪನಿ ಪ್ರತಿ ಮೆಕ್ಯಾನಿಕ್‌ಗೆ ಕೊಡುವ ಹಾಳೆ. ಯಾವ ತೀರ್ಮಾನಕ್ಕೂ ಮೊದಲು ಅದನ್ನು ಪಕ್ಕದಲ್ಲಿಟ್ಟು ನೋಡಬೇಕು. ಹೊಸಬರಿಗೆ ಈ ಪಾಠ ಹೇಳಿಕೊಡುವವರು ಇವರೇ. ಆದರೆ ಇವರು ಅದನ್ನು ಹೊರಗೆ ತೆಗೆದು ಯಾವ ಕಾಲವಾಗಿತ್ತೋ. ಬಾಯಿಪಾಠವಾದ ಹಾಳೆಯನ್ನು ಯಾರು ಮತ್ತೆ ಮತ್ತೆ ನೋಡುತ್ತಾರೆ?

ಮಾದರಿ ಹಾಳೆಯೂ ಮಸುಕಾಗಿತ್ತು.

"ನಾನು ಅದನ್ನ ಬೆಳಕಿಗೆ ಹಿಡಿದೆ, ಒರೆಸಿದೆ, ತಿರುಗಿಸಿದೆ. ಹೊದಿಕೆ ಒಳಗಿರೋ ಹಾಳೆ, ಅದಕ್ಕೇನಾಗುತ್ತೆ? ಕೆಳಗೆ ಹೋಗಿ ಕಾವಲಿನವರ ಕೈಗೆ ಆ ಹಾಳೆ, ಅವತ್ತಿನ ಪರೀಕ್ಷಾ ಪುಟ ಎರಡೂ ಕೊಟ್ಟೆ. 'ಇದರಲ್ಲಿ ಯಾವುದು ಕಪ್ಪಗಿದೆ ಹೇಳಿ' ಅಂದೆ. ಅವರು ನೋಡಿ, 'ಎರಡೂ ಒಂದೇ ಥರ ಇದೆಯಲ್ಲ ಮೇಡಂ, ಕಾಡಿಗೆ ಥರ ಇದೆ' ಅಂದ್ರು. ಮೆಟ್ಟಿಲ ಮೇಲೇ ಕೂತುಬಿಟ್ಟೆ." ಗೆರೆಯಕ್ಕ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತಾರೆ. "ಅಮ್ಮ ಇದ್ದಿದ್ರೆ ಮೊದಲನೇ ದಿನಾನೇ ಗೊತ್ತಾಗ್ತಿತ್ತು. ಒಬ್ಬರೇ ಇದ್ದಾಗ ತಪ್ಪು ಹಾಳೆದೋ ಕಣ್ಣಿಂದೋ ಹೇಳೋರು ಯಾರು?"

ಎರಡೂ ಕಣ್ಣಿಗೆ ಪೊರೆ, ಎಡಗಣ್ಣಿಗೆ ಜಾಸ್ತಿ. ವಯಸ್ಸು ಐವತ್ತೊಂದಷ್ಟೇ, ಆದರೂ ಬರುತ್ತದೆ ಎಂದರು ಡಾಕ್ಟರು. ಗೆರೆಯಕ್ಕ ಅಂದೇ ಮಧ್ಯಾಹ್ನ ಮೇಲ್ವಿಚಾರಕರ ಮುಂದೆ ಹೋಗಿ ನಿಂತು, ಮೂರು ಒಳ್ಳೆಯ ಡ್ರಮ್ಮುಗಳನ್ನು ತಾನೇ ಕಿತ್ತುಹಾಕಿದೆ ಎಂದು ಒಪ್ಪಿಕೊಂಡರು, ಗೋದಾಮಿನವರ ಕ್ಷಮೆಯನ್ನೂ ಕೇಳಿದರು. ಮೇಲ್ವಿಚಾರಕರು ಕೆಟ್ಟವರಲ್ಲ. ಕಣ್ಣು ಸರಿಯಾಗುವ ತನಕ ಬಿಡಿಭಾಗ ಬದಲಿಸುವ ತೀರ್ಮಾನವೊಂದನ್ನೂ ಒಬ್ಬರೇ ತೆಗೆದುಕೊಳ್ಳಬಾರದು ಎಂದರು. ಈ ತಿಂಗಳ ಕೊನೆಯೊಳಗೆ ಸರಿಮಾಡಿಸಿಕೊಂಡು ಬಂದರೆ ಹದಿನಾಲ್ಕು ಮೆಷಿನ್ನೂ ಇವರವೇ. ಇಲ್ಲದಿದ್ದರೆ ಬೆಳಗಿನ ಪಾಳಿ ಬೇರೆಯವರಿಗೆ, ಇವರು ಹಿಂದಿನ ಕೋಣೆಯಲ್ಲಿ ಕೂತು ಬಿಡಿಭಾಗ ತೊಳೆಯುವುದು.

"ಆ ಕೋಣೆಗೆ ಕಿಟಕಿ ಇಲ್ಲ," ಎನ್ನುತ್ತಾರೆ. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, "ಪುಸ್ತಕಾನೂ ಇಲ್ಲ," ಎಂದು ಸೇರಿಸುತ್ತಾರೆ.

ಆಸ್ಪತ್ರೆಯವರು ಗುರುವಾರ ಬೆಳಿಗ್ಗೆ ಬರಲು ಹೇಳಿ ಒಂದು ಫಾರಂ ಕೊಟ್ಟರು. ತಿಂಗಳೊಳಗೆ ಅದಕ್ಕಿಂತ ಬೇರೆ ದಿನ ಖಾಲಿಯಿಲ್ಲ. ಫಾರಂನಲ್ಲಿ ಕೆಳಗಿನಿಂದ ಮೂರನೇ ಸಾಲು: ಜೊತೆಗೆ ಬರುವವರ ಹೆಸರು, ರೋಗಿಗೆ ಅವರ ಸಂಬಂಧ. ಕಣ್ಣಿಗೆ ಪಟ್ಟಿ ಕಟ್ಟಿ ಒಬ್ಬರನ್ನೇ ಹೊರಗೆ ಬಿಡುವುದಿಲ್ಲವಂತೆ. ಬುಧವಾರ ಮಧ್ಯಾಹ್ನದೊಳಗೆ ಆ ಸಾಲು ತುಂಬಿ ಕೊಡದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ, ಕಂಪನಿಯಲ್ಲಿ, ಮನೆ ಬಾಡಿಗೆಗೆ ಹಿಡಿಯುವಾಗ ಎಷ್ಟೋ ಫಾರಂ ತುಂಬಿದ ಗೆರೆಯಕ್ಕ ಈ ಒಂದು ಸಾಲಿನ ಮುಂದೆ ಎರಡು ಸಂಜೆ ಪೆನ್ನು ಹಿಡಿದು ಕೂತು ಎದ್ದರು.

ಅಣ್ಣನಿಗೆ ಫೋನ್ ಮಾಡಿದರು. ಆ ಕಡೆಯಿಂದ ಅತ್ತಿಗೆ ಕೆಮ್ಮುವುದು ಕೇಳಿಸುತ್ತಿತ್ತು. "ಇವಳನ್ನ ಒಂದು ಗಂಟೆ ಬಿಟ್ಟಿರೋ ಹಾಗಿಲ್ಲ ಕಣಮ್ಮ. ಮುಂದಿನ ತಿಂಗಳು ನೋಡೋಣ್ವಾ?" ಎಂದರು ಅಣ್ಣ. ಆಯಿತು ಎಂದು ಇಟ್ಟರು. ಕಂಪನಿಯಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕೇಳಿದರೆ, "ಅಕ್ಕಾ, ಗುರುವಾರ ನನಗೆ ಆರು ಕಂಪ್ಲೇಂಟ್ ಇದೆ," ಎಂದು ತಲೆ ಕೆರೆದುಕೊಂಡ. ಕಾವಲುಗಾರರಿಗೆ ಎಂಟರ ಮೇಲೆ ಇನ್ನೊಂದು ಕಡೆ ಡ್ಯೂಟಿ. ಯಾರೂ ಬರುವುದಿಲ್ಲ ಎನ್ನಲಿಲ್ಲ, ಎಲ್ಲರಿಗೂ ಆ ದಿನ ಒಂದೊಂದು ಕೆಲಸವಿತ್ತು. ಒಬ್ಬಂಟಿತನ ಎಂದರೆ ಹೆಚ್ಚಿನ ಸಲ ಇಷ್ಟೇ, ಯಾರನ್ನೂ ದೂರುವಂತಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಗೆರೆಯಕ್ಕ ದೂರು ಪುಸ್ತಕ ತೆಗೆದು, ಮೆಷಿನ್ನಿಗೆ ಸಂಬಂಧವೇ ಇಲ್ಲದ ಒಂದು ವಿಷಯವನ್ನು ಮೊದಲ ಬಾರಿಗೆ ತಾವಾಗಿಯೇ ಬರೆದರು. "ಗುರುವಾರ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಎಡಗಣ್ಣಿನ ಆಪರೇಷನ್. ಜೊತೆಗೆ ಒಬ್ಬರು ಬೇಕಂತೆ. ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನದ ತನಕ. ನಿಮಗೆ ಆಗುವುದೇ? ಆಗದಿದ್ದರೆ ಬೇಸರವಿಲ್ಲ." ಬೇಸರವಿಲ್ಲ ಎಂಬುದನ್ನು ಎರಡು ಸಲ ತಿದ್ದಿ ಬರೆದರು, ಪೆನ್ನು ಒತ್ತಿದ ಗುರುತು ಹಿಂದಿನ ಪುಟದಲ್ಲೂ ಮೂಡಿತು.

ಶನಿವಾರ ಬೆಳಿಗ್ಗೆ ಎಡಗಡೆ ಖಾಲಿಯಿತ್ತು. ಭಾನುವಾರ ರಜೆ, ಕಳೆಯುವುದೇ ಕಷ್ಟವಾಯಿತು. ಸೋಮವಾರವೂ ಖಾಲಿ. ಮಂಗಳವಾರ ಪುಸ್ತಕ ತೆಗೆದಾಗ ಏನೋ ಬರೆದಿತ್ತು. ಆದರೆ ಶಾಯಿ ಕೆಂಪು. ವಿಭಾಗದ ಮೇಲಧಿಕಾರಿ ಗೆರೆಯಕ್ಕನ ಸಾಲುಗಳಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದಿದ್ದರು: "ಇದು ದೂರು ಪುಸ್ತಕ. ಸ್ವಂತ ವಿಷಯ ಬರೆಯತಕ್ಕದ್ದಲ್ಲ."

ಮೇಲಧಿಕಾರಿ ತಪ್ಪು ಹೇಳಲಿಲ್ಲ. ಅದು ದೂರು ಪುಸ್ತಕವೇ. ಹನ್ನೊಂದು ವರ್ಷ ಅದರ ಒಂದು ಪುಟವನ್ನೂ ತಿರುವಿ ನೋಡದೆ, ನೋಡಿದ ಮೊದಲ ದಿನವೇ ಕೆಂಪು ಪೆನ್ನು ತೆಗೆಯುವ ಜಾಣ್ಮೆ ಎಲ್ಲರಿಗೂ ಬರುವುದಿಲ್ಲ, ಅಷ್ಟೇ.

"ಬೀದೀಲಿ ನಿಂತು ಕೈಚಾಚಿದ ಹಾಗಾಯ್ತು ನನಗೆ. ಅವರಿಗೂ ನನ್ನಿಂದ ಬೈಗುಳ ಬಿದ್ದಿರಬೇಕು, ಅದಕ್ಕೇ ಸುಮ್ಮನಾಗಿದಾರೆ ಅಂದ್ಕೊಂಡೆ. ಪುಟ ಹರಿದುಬಿಡೋಣ ಅಂತ ಕೈ ಹೋಯ್ತು. ಆದ್ರೆ ಪುಟಕ್ಕೆ ನಂಬರ್ ಇದೆ, ಹರಿಯೋ ಹಾಗಿಲ್ಲ." ಕೆಳಗೆ ಕಾವಲುಗಾರರನ್ನು ಕೇಳಿದರೆ, "ಆ ಮೇಡಂ ಶುಕ್ರವಾರದಿಂದ ಸಂಜೆ ಹೊತ್ತು ಕಾಣಿಸ್ಲೇ ಇಲ್ಲ. ಬೇರೆ ಕಡೆ ಹಾಕಿದಾರೋ ಏನೋ," ಎಂದರು. ಆ ದಿನ ಗೆರೆಯಕ್ಕ ಉಳಿದ ಮೂರು ಮೆಷಿನ್ನುಗಳನ್ನು ಹೇಗೆ ನೋಡಿದರೋ ಅವರಿಗೇ ನೆನಪಿಲ್ಲ.

ಇವತ್ತು ಬುಧವಾರ. ಮೆಷಿನ್ನಿನ ಕೆಲಸ ಮುಗಿದಿದೆ. ಬೆರಳಗಲದ ಪಟ್ಟಿ ಒರೆಸಿ, ಪರೀಕ್ಷಾ ಪುಟ ತೆಗೆದು, ಮಾದರಿ ಹಾಳೆಯ ಪಕ್ಕದಲ್ಲಿಟ್ಟು, ಎರಡನ್ನೂ ಕೆಳಗಿನ ಕಾವಲುಗಾರರಿಗೆ ತೋರಿಸಿ ಬಂದಿದ್ದಾರೆ. ಈಗ ದಿನಾ ಇದೇ ಕ್ರಮ. ಪುಸ್ತಕದ ಹಳೆಯ ಪುಟಗಳನ್ನಷ್ಟೇ ತಿರುವಿ ಮತ್ತೆ ಮೊಳೆಗೆ ನೇತುಹಾಕಿದ್ದಾರೆ, ಕೆಂಪು ಶಾಯಿಯ ಪುಟವನ್ನು ಮಾತ್ರ ಇನ್ನೂ ತೆರೆದಿಲ್ಲ. ಉಪಕರಣಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಾರೆ, ಜಿಪ್ ಎಳೆಯುತ್ತಾರೆ, ಮತ್ತೆ ತೆಗೆದು ಸ್ಕೇಲನ್ನು ಬೇರೆ ಜೇಬಿಗೆ ಇಡುತ್ತಾರೆ. ಆಸ್ಪತ್ರೆಯ ಫಾರಂ ಚೀಲದ ಹೊರಜೇಬಿನಲ್ಲಿದೆ. ಮಧ್ಯಾಹ್ನಕ್ಕೆ ಇನ್ನು ನಾಲ್ಕೂಕಾಲು ಗಂಟೆ.

"ತೆಗೆದು ನೋಡದೆ ಇದ್ರೆ ಇಲ್ಲ ಅಂತ ಆಗಲ್ಲ, ಅಲ್ವಾ?" ಎಂದು ತಮಗೇ ಹೇಳಿಕೊಂಡು, ಕೊನೆಗೆ ದಾರ ಬಿಚ್ಚುತ್ತಾರೆ.

ಕೆಂಪು ಸಾಲಿನ ಕೆಳಗೆ, ಎಡಗಡೆಯಿಂದ ಬಲಗಡೆಯ ತನಕ, ನೇರಳೆ ಶಾಯಿ. ಗೆರೆಯಕ್ಕ ಪುಸ್ತಕವನ್ನು ಮುಖದ ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ, ಟಾರ್ಚ್ ಹಾಕುತ್ತಾರೆ. ಅಕ್ಷರ ಮಂಜು ಮಂಜು. ಒಂದೊಂದೇ ಪದ ಬಿಡಿಸಿ, ದನಿ ತೆಗೆದು ಓದುತ್ತಾರೆ.

"ಶುಕ್ರವಾರದಿಂದ ತರಬೇತಿಗೆ ಕಳಿಸಿದ್ದರು. ಇವತ್ತು ಸಂಜೆ ಐದಕ್ಕೆ ವಾಪಸು ಬಂದವಳು ಪುಸ್ತಕ ನೋಡಿದೆ. ಮೇಲಿನ ಕೆಂಪು ಶಾಯಿಯವರ ಹತ್ತಿರ ನಾನು ಮಾತಾಡಿದ್ದೇನೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗುರುವಾರಕ್ಕೆ ರಜೆ ಬರೆದುಕೊಟ್ಟಾಯಿತು. ಏಳೂಕಾಲಿಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತೇನೆ. ಫಾರಂನಲ್ಲಿ ನನ್ನ ಹೆಸರು ಹಾಕಿ. ಸಂಬಂಧ ಎಂದು ಕೇಳಿದ ಕಡೆ ಅಕ್ಕ ಎಂದು ಬರೆಯಿರಿ. ನಾನೇ ದೊಡ್ಡವಳಿರಬೇಕು ಅಂದುಕೊಂಡಿದ್ದೇನೆ. ಅಲ್ಲವಾದರೆ ತಂಗಿ ಎಂದು ತಿದ್ದಿಕೊಳ್ಳಿ."

ಕೆಳಗೆ ಪೂರ್ತಿ ಹೆಸರಿದೆ, ಫೋನ್ ನಂಬರ್ ಇದೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಗೆರೆಯಕ್ಕ ಎರಡನೇ ಸಲ ಓದುತ್ತಾರೆ, ಈ ಸಲ ದನಿಯಿಲ್ಲದೆ. ಕಣ್ಣಿನಲ್ಲಿ ನೀರು ತುಂಬಿ ಇದ್ದಬದ್ದ ಅಕ್ಷರವೂ ಕಾಣದಂತಾಗಿ, "ಥೂ, ಇದೊಂದು ಬಾಕಿ ಇತ್ತು," ಎಂದು ತಮ್ಮ ಮೇಲೇ ರೇಗಿ ತೋಳಿನಿಂದ ಒರೆಸಿಕೊಳ್ಳುತ್ತಾರೆ. ಆಮೇಲೆ ಫಾರಂ ತೆಗೆದು, ಮೆಷಿನ್ನಿನ ಗಾಜಿನ ಮೇಲೆ ಹರಡಿ, ಹೆಸರನ್ನು ಒಂದೊಂದೇ ಅಕ್ಷರವಾಗಿ ನೋಡಿ ನೋಡಿ ಬರೆಯುತ್ತಾರೆ. ಸಂಬಂಧದ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಮೆಟ್ಟಿಲ ಬುಡದಲ್ಲಿ ಕಾವಲುಗಾರರು ಪಾಳಿ ಮುಗಿಸಿ ಕೋಟು ಹಾಕಿಕೊಳ್ಳುತ್ತಿದ್ದಾರೆ, ಅವರನ್ನು ಕೂಗಿ ಕೇಳಬಹುದು, ಆ ಮೇಡಂಗೆ ವಯಸ್ಸೆಷ್ಟು ಎಂದು. ಗೆರೆಯಕ್ಕ ಕೇಳುವುದಿಲ್ಲ. ಅಕ್ಕ ಎಂದೇ ಬರೆಯುತ್ತಾರೆ.

"ದೊಡ್ಡೋರೋ ಚಿಕ್ಕೋರೋ ನಾಳೆ ಎದುರಿಗೆ ನಿಂತು ನಾನೇ ನೋಡ್ತೀನಿ," ಎನ್ನುತ್ತಾರೆ ಫಾರಂ ಮಡಚುತ್ತಾ. "ಅಷ್ಟು ನೋಡೋಕೆ ಈ ಕಣ್ಣೇ ಸಾಕು."